ಗೊತ್ತಾಗದಂತೆ ಮಾತ್ರೆ ಬೆರೆಸಬೇಡಿ

'ಕುಡಿಯುವವರ ಊಟದಲ್ಲಿ ಡೈಸಲ್ಫಿರಾಮ್ ಮಾತ್ರೆ ಪುಡಿ ಮಾಡಿ ಹಾಕಿ, ಅವರಿಗೆ ಗೊತ್ತೇ ಆಗಲ್ಲ, ಅಡ್ಡ ಪರಿಣಾಮವೂ ಇಲ್ಲ' ಅನ್ನೋ ಸಂದೇಶ ಹರಿದಾಡುತ್ತಿದೆ. ಇದು ತಪ್ಪು. ದಯವಿಟ್ಟು ಹಾಗೆ ಮಾಡಬೇಡಿ.

ಕುಡಿತ ಬಿಡಿಸಲು ಡಾಕ್ಟರ್ ಕೊಡುವ ಈ ಮಾತ್ರೆ ಕುಡಿಯುವ ಆಸೆಯನ್ನು ನೇರವಾಗಿ ಕಡಿಮೆ ಮಾಡುವುದಿಲ್ಲ. ಮದ್ಯ ದೇಹದಲ್ಲಿ ಮೊದಲು ಅಸಿಟಾಲ್ಡಿಹೈಡ್ ಅನ್ನೋ ವಿಷವಾಗುತ್ತೆ, ಆಮೇಲೆ ಕರಗುತ್ತೆ, ಆ ಕರಗುವ ದಾರಿಯನ್ನೇ ಈ ಮಾತ್ರೆ ತಡೆಯುತ್ತದೆ. ಆಗ ಮುಖ ಕೆಂಪಾಗುತ್ತದೆ, ವಾಂತಿ ಬರುತ್ತದೆ, ಎದೆ ಡವಡವ ಅನ್ನುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಜಾಸ್ತಿಯಾದರೆ ಜೀವಕ್ಕೇ ಅಪಾಯ. ತನಗೆ ಏನು ಕೊಟ್ಟಿದ್ದಾರೆ ಅಂತಲೇ ಗೊತ್ತಿಲ್ಲದ ಮನುಷ್ಯ ಎಂದಿನಂತೆ ಕುಡಿದೇ ಕುಡಿಯುತ್ತಾನೆ, ಅಲ್ವಾ? ಮಾತ್ರೆ ಶುರು ಮಾಡುವ ಮುಂಚೆ ಕನಿಷ್ಠ 12 ಗಂಟೆ ಮದ್ಯ ಕುಡಿದಿರಬಾರದು. ಮಾತ್ರೆ ಬಿಟ್ಟ ಮೇಲೂ 14 ದಿನದವರೆಗೆ ಅದರ ಪರಿಣಾಮ ಉಳಿಯಬಹುದು.

ಕುಡಿಯದಿದ್ದರೂ ನಿದ್ದೆಮಂಪರು, ತಲೆನೋವು, ಬಾಯಲ್ಲಿ ಲೋಹದ ರುಚಿ ಕೆಲವರಿಗೆ ಬರುತ್ತದೆ. ಅಪರೂಪಕ್ಕೆ ಲಿವರ್ ಕೆಡುತ್ತದೆ. ಕಣ್ಣು ಹಳದಿಯಾದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ ತಕ್ಷಣ ಡಾಕ್ಟರ್ ಹತ್ತಿರ ಹೋಗಿ.

ಹಾಗಂತ ಇದು ಕೆಟ್ಟ ಔಷಧಿ ಅಲ್ಲ. ಒಪ್ಪಿ, ಡಾಕ್ಟರ್ ನಿಗಾದಲ್ಲಿ ತಗೊಂಡವರಿಗೆ ನಿಜಕ್ಕೂ ನೆರವಾಗುತ್ತದೆ. ಮನೆಯವರ ಸಂಕಟ ನನಗೆ ಅರ್ಥವಾಗುತ್ತದೆ, ಆದರೆ ಮಾತ್ರೆ ಬಚ್ಚಿಡುವ ಬದಲು ಕುಡಿಯುವವರನ್ನೇ ಜೊತೆಗೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ ಮಾತಾಡಿಸಿ.