ಹಳದಿ ರಸ್ತೆ ಬಿಡಿ, ಬಿಳಿ ರಸ್ತೆ ಹಿಡಿಯಿರಿ: ಫ್ರಾನ್ಸ್‌ನ ಖಾಲಿ ಬೆಟ್ಟಗಳಲ್ಲಿ ಸೈಕಲ್

ಫ್ರಾನ್ಸ್‌ಗೆ ಸೈಕಲ್ ಪ್ರವಾಸ ಹೊರಡುವ ನಮ್ಮವರು ಹೆಚ್ಚಾಗಿ ಎರಡೇ ಜಾಗ ಕೇಳುತ್ತಾರೆ. ಒಂದು ಲುವಾರ್ ನದಿಯ ದಂಡೆ, ಇನ್ನೊಂದು ಟೂರ್ ದ ಫ್ರಾನ್ಸ್ ಹತ್ತುವ ಆಲ್ಪ್ಸ್ ಘಾಟಿಗಳು. ನದಿ ದಂಡೆ ಸಪಾಟು, ಚೆಂದ, ಆದರೆ ಜುಲೈನಲ್ಲಿ ಜಾತ್ರೆ. ಆಲ್ಪ್ಸ್‌ನಲ್ಲಿ ಮೋಟರ್‌ಬೈಕು, ಕ್ಯಾಂಪರ್ ವ್ಯಾನುಗಳ ಸಾಲು. ದಿನವಿಡೀ ನಿಮ್ಮ ಚೈನಿನ ಸದ್ದು ನಿಮಗೇ ಕೇಳಬೇಕು ಅಂದರೆ ಎರಡನ್ನೂ ಬಿಟ್ಟು ಫ್ರಾನ್ಸ್ ನಡುವಿನ ಬೆಟ್ಟಸೀಮೆ ಮಾಸಿಫ್ ಸಾಂತ್ರಾಲ್‌ನ ದಕ್ಷಿಣದ ಅಂಚಿಗೆ ಹೋಗಿ. ಲೊಝೇರ್ ಜಿಲ್ಲೆ, ಅದರ ಸೇವೆನ್ ಬೆಟ್ಟಗಳು, ಪಕ್ಕದಲ್ಲೇ ಸುಣ್ಣಕಲ್ಲಿನ ಬಯಲುಗಳು.

ಇಡೀ ಲೊಝೇರ್‌ನಲ್ಲಿ ಈಗಿರುವುದು ಸುಮಾರು 76,000 ಜನ. 19ನೇ ಶತಮಾನದ ನಡುವಿನಲ್ಲಿ 1,40,000 ದಾಟಿತ್ತು. ಜನ ಬೆಟ್ಟ ಬಿಟ್ಟು ಹೋದರು, ರಸ್ತೆಗಳು ಉಳಿದವು. ನಾಲ್ಕು ಮನೆಯ ಹಳ್ಳಿಗೂ ಡಾಂಬರು ಇದೆ, ಓಡಾಡುವವರು ಇಲ್ಲ. ಎ75 ಹೆದ್ದಾರಿ ಬಂದ ಮೇಲಂತೂ ದೂರ ಹೋಗುವ ಲಾರಿಗಳೆಲ್ಲ ಅತ್ತ ಹರಿದವು. ಅದರ ಪಕ್ಕದ ಹಳೆಯ ರಾಷ್ಟ್ರೀಯ ಹೆದ್ದಾರಿ ಎನ್9 ಇವತ್ತು ಡಿ 809 ಎಂಬ ಜಿಲ್ಲಾ ರಸ್ತೆ. ಹೆದ್ದಾರಿಗೆ ಅಂಟಿಕೊಂಡು ಓಡುವ ಇಂಥ ಹಳೆಯ ರಸ್ತೆ ನಕ್ಷೆಯಲ್ಲಿ ಕಂಡರೆ ಗುರುತು ಹಾಕಿಕೊಳ್ಳಿ. ಅಗಲ ಇರುತ್ತದೆ, ಏರು ಹದವಾಗಿರುತ್ತದೆ, ಗಾಡಿ ಕಡಿಮೆ.

ನಕ್ಷೆಯ ವಿಷಯಕ್ಕೆ ಬರೋಣ, ಅರ್ಧ ಪ್ರವಾಸ ಅಲ್ಲೇ ನಿರ್ಧಾರವಾಗುತ್ತದೆ. ಮಿಶೆಲಿನ್‌ನ 1:1,50,000 ಅಳತೆಯ ಕಾಗದದ ನಕ್ಷೆ ತೆಗೆದುಕೊಳ್ಳಿ. ಕೆಂಪು ಬೇಡವೇ ಬೇಡ. ಹಳದಿ ಊರಿಂದೂರಿಗೆ ಹೋಗುವ ರಸ್ತೆ, ಅನಿವಾರ್ಯವಾದಾಗ ಮಾತ್ರ. ಬಿಳಿ ನಿಮ್ಮದು. ಹಸಿರು ಅಂಚು ಕಟ್ಟಿದ ರಸ್ತೆ ಅಂದರೆ ನೋಟ ಚೆನ್ನಾಗಿದೆ ಅಂತ ಅರ್ಥ, ಹಾಗಾಗಿ ಆಗಸ್ಟ್‌ನಲ್ಲಿ ಎಲ್ಲರೂ ಅಲ್ಲೇ ಇರುತ್ತಾರೆ ಅಂತಲೂ ಅರ್ಥ. ತಾರ್ನ್ ಕಮರಿಯ ತಳದ ರಸ್ತೆ ಇದಕ್ಕೆ ಒಳ್ಳೆಯ ಉದಾಹರಣೆ: ಮೇ ತಿಂಗಳಲ್ಲಿ ಸ್ವರ್ಗ, ಆಗಸ್ಟ್‌ನಲ್ಲಿ ಹೊಗೆ. ರಸ್ತೆಯ ಮೇಲೆ ಸಣ್ಣ ಬಾಣದ ಗುರುತುಗಳಿರುತ್ತವೆ, ಬಾಣದ ಮೂತಿ ಏರಿನ ಕಡೆಗೆ. ಒಂದು ಬಾಣ ಅಂದರೆ ಶೇ. 5ರಿಂದ 9, ಎರಡು ಅಂದರೆ 9ರಿಂದ 13, ಮೂರು ಅಂದರೆ ಅದಕ್ಕೂ ಮೇಲೆ. ಸಾಮಾನು ಕಟ್ಟಿದ ಸೈಕಲ್ಲಿಗೆ ಮೂರು ಬಾಣ ಇಳಿಯಲೂ ಹಿತವಲ್ಲ.

ಫೋನಿನ ಆ್ಯಪ್‌ಗೆ ದಾರಿ ಬಿಟ್ಟರೆ ಅದು ಎರಡು ಊರಿನ ನಡುವೆ ಹತ್ತಿರದ ಗೆರೆ ಎಳೆಯುತ್ತದೆ. ಆ ಗೆರೆ ಎಷ್ಟೋ ಸಲ ಕಾಲುನಡಿಗೆಯವರ ಕಲ್ಲುದಾರಿ. ರಾತ್ರಿ ಕೂತು ಮರುದಿನದ ದಾರಿಯನ್ನು ಕಾಗದದ ನಕ್ಷೆಯ ಜೊತೆ ಹೋಲಿಸಿ. ಬಿಳಿ ರಸ್ತೆಯ ಅಂಚು ತುಂಡುಗೆರೆ ಆಗಿದ್ದರೆ ಡಾಂಬರು ನಂಬಬೇಡಿ.

ಘಾಟಿ ಅಂದರೆ ನಮಗೆ ಆಗುಂಬೆ, ಚಾರ್ಮಾಡಿ: ಒಂದು ಸಲ ಹತ್ತಿದರೆ ಮುಗಿಯಿತು. ಸೇವೆನ್‌ನಲ್ಲಿ ಹಾಗಿಲ್ಲ. ದಿಣ್ಣೆ ಹತ್ತು, ಹೊಳೆಗೆ ಇಳಿ, ಸೇತುವೆ ದಾಟು, ಮತ್ತೆ ಹತ್ತು. ಬೆಂಗಳೂರಿನಲ್ಲಿ 200, 300 ಕಿ.ಮೀ. ಬ್ರೆವೆ (ಗಡುವಿನೊಳಗೆ ಮುಗಿಸಬೇಕಾದ ದೂರದ ಸವಾರಿ) ಮುಗಿಸಿದವರು ಎಡವುವುದು ಇಲ್ಲೇ, ಅದೇ ಧೈರ್ಯದಲ್ಲಿ ದಿನಕ್ಕೆ 120 ಕಿ.ಮೀ. ಹಾಕಿಕೊಳ್ಳುತ್ತಾರೆ. ಕಿ.ಮೀ. ಎಣಿಸಬೇಡಿ, ಏರು ಎಣಿಸಿ. ಸಾಮಾನಿನ ಸಮೇತ ಸಾಧಾರಣ ಸವಾರ ಗಂಟೆಗೆ 400 ಮೀಟರ್ ಎತ್ತರ ಹತ್ತುತ್ತಾನೆ. ದಿನಕ್ಕೆ 1,200 ಮೀಟರ್ ಅಂದರೆ ಬರೀ ಹತ್ತುವುದಕ್ಕೇ ಮೂರು ಗಂಟೆ. ಅಷ್ಟರಲ್ಲಿ 60–65 ಕಿ.ಮೀ. ಆದರೆ ದಿನ ತುಂಬಿತು.

ಇನ್ನು ಗೇರ್. ಸವಾರ 70 ಕಿಲೋ, ಸೈಕಲ್ 12, ಸಾಮಾನು ಮತ್ತು ನೀರು 18, ಒಟ್ಟು 100 ಅಂತಿಟ್ಟುಕೊಳ್ಳಿ. ರೇಸಿಂಗ್ ಸೈಕಲ್ಲಿನ ಹಾಗೆ ಪೆಡಲಿನ ಬಳಿಯ ಹಲ್ಲುಚಕ್ರ, ಅಂದರೆ ಚೈನ್‌ರಿಂಗ್, 34 ಹಲ್ಲಿನದು, ಹಿಂದೆ 28 ಹಲ್ಲು ಇದ್ದರೆ ಪೆಡಲಿನ ಒಂದು ಸುತ್ತಿಗೆ ಸುಮಾರು 2.6 ಮೀಟರ್. ನಿಮಿಷಕ್ಕೆ 60 ಸುತ್ತು ಹಾಕಿದರೆ ಗಂಟೆಗೆ 9.5 ಕಿ.ಮೀ., ಶೇ. 7ರ ಏರಿನಲ್ಲಿ ಅದಕ್ಕೆ ಹತ್ತಿರ ಹತ್ತಿರ 200 ವಾಟ್ ಬೇಕು. ಅಷ್ಟು ಶಕ್ತಿ ಗಂಟೆಗಟ್ಟಲೆ ಎಷ್ಟು ಜನಕ್ಕಿದೆ? ಅದೇ ಮುಂದೆ 30, ಹಿಂದೆ 34 ಹಾಕಿದರೆ ಸುತ್ತಿಗೆ 1.9 ಮೀಟರ್, ವೇಗ 7 ಕಿ.ಮೀ., ಶಕ್ತಿ ಸುಮಾರು 145 ವಾಟ್. ಮಂಡಿ ಉಳಿಯುವುದು ಈ ವ್ಯತ್ಯಾಸದಲ್ಲಿ. 46/30 ಚೈನ್‌ರಿಂಗು, 11–34 ಕ್ಯಾಸೆಟ್ಟು (ಹಿಂದಿನ ಹಲ್ಲುಚಕ್ರಗಳ ಕಟ್ಟು) ನನ್ನ ಸಲಹೆ. ಆದರೆ ಕ್ಯಾಸೆಟ್ ಒಂದನ್ನೇ ಬದಲಾಯಿಸಿ ಹೊರಡಬೇಡಿ. ಈ ಜೋಡಿಗೆ ಹಿಂದಿನ ಡೆರೈಲರ್, ಅಂದರೆ ಚೈನನ್ನು ಗೇರಿಂದ ಗೇರಿಗೆ ದಾಟಿಸುವ ತೋಳು, ಒಟ್ಟು 39 ಹಲ್ಲಿನ (ಮುಂದೆ 16, ಹಿಂದೆ 23) ವ್ಯತ್ಯಾಸ ನುಂಗಬೇಕು. ಮೋಟು ಡೆರೈಲರ್ ಆದರೆ ಚಿಕ್ಕ–ಚಿಕ್ಕದರಲ್ಲಿ, ಅಂದರೆ ಮುಂದೆಯೂ ಹಿಂದೆಯೂ ಚಿಕ್ಕ ಹಲ್ಲುಚಕ್ರದಲ್ಲಿ, ಚೈನು ಜೋಲುತ್ತದೆ. ಚೈನು ಹಳೆಯ ಉದ್ದದ್ದೇ ಇದ್ದರೆ ಇನ್ನೂ ಕಷ್ಟ: ಸುಸ್ತಾಗಿ ಮರೆತು ದೊಡ್ಡ–ದೊಡ್ಡದಕ್ಕೆ ಹಾಕಿದ ಕ್ಷಣ ಡೆರೈಲರ್ ಕಿತ್ತು ಚಕ್ರದ ಕಡ್ಡಿಗಳಿಗೆ ಸಿಕ್ಕಿಕೊಳ್ಳುತ್ತದೆ. ಮನೆಯಲ್ಲೇ ಸ್ಟ್ಯಾಂಡಿಗೆ ಹಾಕಿ ಪರೀಕ್ಷಿಸಿ.

(ಸಣ್ಣ ಗೇರ್ ಹಾಕಿದರೆ ಮರ್ಯಾದೆ ಹೋಗುತ್ತದೆ ಅನ್ನುವವರು ಇನ್ನೂ ಇದ್ದಾರೆ. ಸೇಂತ್-ಎತಿಯೆನ್‌ನ ಸೈಕಲ್ ಪತ್ರಿಕೆಯ ಸಂಪಾದಕ ಪೋಲ್ ದ ವಿವಿ ಇದೇ ಜನರ ಜೊತೆ ಬದುಕಿಡೀ ವಾದ ಮಾಡಿ 1930ರಲ್ಲಿ ತೀರಿಕೊಂಡರು. ಟೂರ್ ದ ಫ್ರಾನ್ಸ್ ಡೆರೈಲರ್‌ಗೆ ಒಪ್ಪಿದ್ದು 1937ರಲ್ಲಿ.)

ಸಾಮಾನನ್ನೆಲ್ಲ ಹಿಂದೆ ಹೇರಿದರೆ ಇಳಿಜಾರಿನಲ್ಲಿ 50 ಕಿ.ಮೀ. ವೇಗಕ್ಕೆ ಹ್ಯಾಂಡಲ್ ನಡುಗಲು ಶುರು ಮಾಡುತ್ತದೆ. ಭಾರದ್ದನ್ನು ಕೆಳಗೆ, ಒಂದಿಷ್ಟು ಮುಂದಕ್ಕೆ ಕಟ್ಟಿ. ಹಿಂದಿನ ಚಕ್ರಕ್ಕೆ 36 ಕಡ್ಡಿ ಇದ್ದರೆ ಒಳ್ಳೆಯದು. ಮುರಿಯುವುದು ಸಾಮಾನ್ಯವಾಗಿ ಕ್ಯಾಸೆಟ್ ಬದಿಯ ಕಡ್ಡಿ. ಅದೇ ಅಳತೆಯ ಎರಡು ಕಡ್ಡಿ, ಕ್ಯಾಸೆಟ್ ಬಿಚ್ಚುವ ಟೂಲು ಜೊತೆಗಿರಲಿ, ಹಳ್ಳಿಗಳಲ್ಲಿ ಸೈಕಲ್ ಅಂಗಡಿ ಇಲ್ಲ. ಟೈರು 35 ಮಿ.ಮೀ.ಗೆ ಕಡಿಮೆ ಬೇಡ. ಇಳಿಯುವಾಗ ಬ್ರೇಕನ್ನು ಹಗುರಾಗಿ ಒತ್ತಿಕೊಂಡೇ ಇರುವುದು ದೊಡ್ಡ ತಪ್ಪು. ಪ್ಯಾಡು ಕಾದು ಹೊಳಪು ಹತ್ತಿ ಹಿಡಿತ ಬಿಡುತ್ತದೆ. ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿದು, ತಿರುವಿನಲ್ಲಿ ಬಿಟ್ಟುಬಿಡಿ. ರಸ್ತೆ ಬದಿಯಲ್ಲಿ 'ಗ್ರಾವಿಯೋಂ' ಎಂಬ ಫಲಕ ಕಂಡರೆ ಮುಂದೆ ಹೊಸದಾಗಿ ಹರಡಿದ ಜಲ್ಲಿಪುಡಿ ಇದೆ ಅಂತ. ಬೇಸಿಗೆಯಲ್ಲಿ ಈ ಕೆಲಸ ಎಲ್ಲೆಡೆ ನಡೆಯುತ್ತದೆ. ಅದರ ಮೇಲೆ ತಿರುವಿನಲ್ಲಿ ಮುಂದಿನ ಬ್ರೇಕ್ ಹಿಡಿದವರು ಬೀಳುತ್ತಾರೆ.

ನೀರು ಎಲ್ಲಿ ಸಿಗುತ್ತದೆ ಅನ್ನುವುದನ್ನು ಬಂಡೆ ಹೇಳುತ್ತದೆ. ಮೋಂ ಲೊಝೇರ್ ಗ್ರಾನೈಟ್ ಬೆಟ್ಟ, ಅಲ್ಲಲ್ಲಿ ಒರತೆ, ತೊರೆ. ಲ ಪೋಂ-ದ-ಮೋಂವೇರ್ ಊರಿಂದ ಡಿ 20 ಹಿಡಿದು 1,541 ಮೀಟರ್ ಎತ್ತರದ ಕೋಲ್ ದ ಫಿನಿಯೆಲ್ ಘಾಟಿ ಹತ್ತುವಾಗ, ಸುಮಾರು 650 ಮೀಟರ್ ಏರಿಗೆ ಎರಡು ಬಾಟಲಿ ಸಾಕು. ಆದರೆ ಫ್ಲೊರಾಕ್‌ನಿಂದ ಡಿ 16ರಲ್ಲಿ ಕೋಸ್ ಮೆಜಾನ್ ಎಂಬ ಎತ್ತರದ ಬಯಲಿಗೆ ಹತ್ತುವಾಗ ಕೆಳಗಡೆಯೇ ಮೂರು ಲೀಟರ್ ತುಂಬಿಕೊಳ್ಳಿ. ಮೇಲಿರುವುದು ಸುಣ್ಣಕಲ್ಲು, ಬಿದ್ದ ಮಳೆಯೆಲ್ಲ ಬಿರುಕಿನಲ್ಲಿ ಇಳಿದುಹೋಗುತ್ತದೆ. ಮರವಿಲ್ಲ, ನೆರಳಿಲ್ಲ, ಹುಲ್ಲು ಮತ್ತು ಗಾಳಿ. ಈ ಬಯಲಿನ ವಿಲಾರೆ ಹಳ್ಳಿಯ ಬಳಿ ಮಂಗೋಲಿಯಾದ ಪ್ರ್‌ಝೆವಾಲ್ಸ್ಕಿ ಕಾಡುಕುದುರೆಗಳನ್ನು 1993ರಿಂದ ಸಾಕುತ್ತಿದ್ದಾರೆ. ಮೋಟು ಕೇಸರ, ಮಾಸಲು ಹಳದಿ ಮೈ. ಸದ್ದು ಮಾಡದೆ ನಿಂತರೆ ಬೇಲಿಯಾಚೆ ಮೇಯುವುದು ಕಾಣುತ್ತದೆ. ಹಳ್ಳಿಗಳಲ್ಲಿ ನೀರು ಬೇಕಾದರೆ ಮೊದಲು ಸ್ಮಶಾನ ಹುಡುಕಿ, ಗಿಡಕ್ಕೆ ಹಾಕಲು ನಲ್ಲಿ ಇರುತ್ತದೆ. 'ನೋಂ ಪೊತಾಬ್ಲ್' ಎಂದು ಬರೆದಿದ್ದರೆ ಕುಡಿಯಬೇಡಿ.

ಅಂಗಡಿಗಳು ಮಧ್ಯಾಹ್ನ 12ಕ್ಕೆ ಬಾಗಿಲು ಹಾಕಿದರೆ 2, ಕೆಲವು ಕಡೆ 3 ಗಂಟೆಯವರೆಗೆ ತೆರೆಯುವುದಿಲ್ಲ. ಭಾನುವಾರ ಮಧ್ಯಾಹ್ನದಿಂದ ಸೋಮವಾರ ಮುಗಿಯುವವರೆಗೆ ಎಷ್ಟೋ ಊರಲ್ಲಿ ಏನೂ ಸಿಗದು. ಬೆಳಿಗ್ಗೆ ಬೇಕರಿಯಲ್ಲೇ ಮಧ್ಯಾಹ್ನದ ಬ್ರೆಡ್ಡು ತೆಗೆದಿಟ್ಟುಕೊಳ್ಳಿ. ಸಸ್ಯಾಹಾರಿಗಳು ಎಚ್ಚರ: ಬೇಳೆ ಸಲಾಡ್ ಅಂತ ತರಿಸಿದರೆ ಅದರಲ್ಲಿ ಹಂದಿಮಾಂಸದ ಚೂರು ಇರಬಹುದು. ಆಲೂಗಡ್ಡೆ, ಚೀಸ್ ಕಲಸಿದ ಬಿಸಿ ಬಿಸಿ ಅಲಿಗೊ ಹೊಟ್ಟೆ ತುಂಬಿಸುತ್ತದೆ, ಸಾಸೇಜ್ ಬೇಡ ಅಂತ ಮೊದಲೇ ಹೇಳಿ. ಚೀಸಿಗೆ ಹಾಕುವ ಹೆಪ್ಪು ಹೆಚ್ಚಾಗಿ ಕರುವಿನ ಹೊಟ್ಟೆಯದು, ಅದು ಒಗ್ಗದವರು ಬ್ರೆಡ್ಡು, ಹಣ್ಣು, ಚೆಸ್ಟ್‌ನಟ್ ಜಾಮ್‌ನಲ್ಲಿ ದಿನ ದೂಡಬೇಕು.

ತಲುಪಲು ಕ್ಲೆರ್ಮೋಂ-ಫೆರಾಂನಿಂದ ನೀಮ್‌ಗೆ ಹೋಗುವ ರೈಲು ಮಾರ್ಗ ಹೇಳಿ ಮಾಡಿಸಿದ್ದು. ಝೆನೊಲಾಕ್‌ನಲ್ಲಿ ಇಳಿದರೆ ಡಿ 998 ನೇರ 1,088 ಮೀಟರ್‌ನ ಕ್ರುವಾ ದ ಬೆರ್ತೆಲ್ ಘಾಟಿ ದಾಟಿಸಿ ಲ ಪೋಂ-ದ-ಮೋಂವೇರ್‌ಗೆ ಬಿಡುತ್ತದೆ. ರೈಲುಗಳು ದಿನಕ್ಕೆ ಕೆಲವೇ. ವೇಳಾಪಟ್ಟಿಯಲ್ಲಿ 'ಒತೊಕಾರ್' ಅಂತ ಇದ್ದರೆ ಅದು ರೈಲಲ್ಲ, ಬಸ್ಸು, ಸೈಕಲ್ ಹತ್ತಿಸುತ್ತಾರೆ ಅನ್ನುವ ಖಾತ್ರಿ ಇಲ್ಲ. ಬ್ಯಾಗುಗಳನ್ನು ರೈಲು ಬರುವ ಮೊದಲೇ ಬಿಚ್ಚಿಡಿ, ಬಾಗಿಲ ಮೆಟ್ಟಿಲು ಎತ್ತರ.

ಮೇ ನಡುವಿನಿಂದ ಜೂನ್ ಕೊನೆ, ಇಲ್ಲವೇ ಸೆಪ್ಟೆಂಬರ್ ಮೊದಲ ವಾರಗಳು ಒಳ್ಳೆಯ ಕಾಲ. ಸೆಪ್ಟೆಂಬರ್ ಕಳೆಯುತ್ತ ಮೆಡಿಟರೇನಿಯನ್ನಿನ ಬೆಚ್ಚಗಿನ ತೇವ ಈ ಬೆಟ್ಟಕ್ಕೆ ಬಡಿದು ಒಂದೇ ಕಡೆ ಸುರಿಯುತ್ತದೆ. 2020ರ ಸೆಪ್ಟೆಂಬರ್ 19ರಂದು ವಾಲೆರೋಗ್ ಊರಲ್ಲಿ ಒಂದೇ ದಿನ 700 ಮಿ.ಮೀ. ದಾಟಿತ್ತು, ಆಗುಂಬೆಯವರೂ ಹುಬ್ಬೇರಿಸುವ ಮಳೆ. ಹವಾಮಾನ ಇಲಾಖೆ ನೀವಿರುವ ಜಿಲ್ಲೆಗೆ ಕಿತ್ತಳೆ ಅಥವಾ ಕೆಂಪು ಎಚ್ಚರಿಕೆ ಕೊಟ್ಟ ದಿನ ಹೊಳೆ ಪಕ್ಕದ ಕ್ಯಾಂಪಿಂಗ್‌ನಿಂದ ಟೆಂಟ್ ಕಿತ್ತು ಎತ್ತರದ ಊರಲ್ಲಿ ಕೋಣೆ ಹಿಡಿಯಿರಿ. ಹೊಳೆ ದಾಟುವ ತಗ್ಗಿನ ಸೇತುವೆಯ ಮೇಲೆ ನೀರು ಹರಿಯುತ್ತಿದ್ದರೆ, ಪಾದ ಮುಳುಗುವಷ್ಟೇ ಇದ್ದರೂ, ಬಂದ ದಾರಿಗೆ ಸೈಕಲ್ ತಿರುಗಿಸಿ.