ಬಾಬ್ತು ತೋರಿಸಿ ಕೇಳಿದರೆ ಜನ ಲೆಕ್ಕ ಹಾಕುತ್ತಾರೆ

ಪ್ರತಿ ವರ್ಷ ಮಾವಿನ ಕಾಲಕ್ಕೆ ಸ್ವಿಟ್ಜರ್ಲೆಂಡಿನಿಂದ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಬಳಿಯ ನಮ್ಮೂರಿಗೆ ಬಂದಾಗ, ಬೆಳಿಗ್ಗೆ ಚಿಕ್ಕಪ್ಪನ ಜೊತೆ ಹಾಲಿನ ಡೇರಿಗೆ ಹೋಗುವುದು ನನಗೆ ರೂಢಿ. ಕಳೆದ ಸಲ ಅಲ್ಲಿ ನಡೆಯುತ್ತಿದ್ದ ಮಾತು ರಾಜ್ಯದ ಸಾಲದ್ದು. "ಸರ್ಕಾರ ಸಾಲ ತಂದು ಹಂಚ್ತಾ ಐತೆ ಕಣಪ್ಪ, ಇದು ಎಷ್ಟು ದಿವಸ ನಡೀತದೆ? ನಿಲ್ಲಿಸ್ಬೇಕು" ಎಂದರು ಚಿಕ್ಕಪ್ಪ. ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದವರೆಲ್ಲ ಹೌದೆಂದು ತಲೆಯಾಡಿಸಿದರು. ಯಾವುದನ್ನು ನಿಲ್ಲಿಸಬೇಕು ಎಂದು ನಾನು ಕೇಳಿದೆ. ಲೀಟರು ಹಾಲಿಗೆ ಸರ್ಕಾರ ಕೊಡುವ 5 ರೂಪಾಯಿ ಪ್ರೋತ್ಸಾಹಧನವೇ ಎಂದರೆ, ಬೂಸಾ ಮೂಟೆಯ ಬೆಲೆ ನೋಡಿ ಮಾತಾಡು ಎಂದರು. ಪಂಪ್‌ಸೆಟ್ಟಿನ ಉಚಿತ ಕರೆಂಟೇ ಎಂದರೆ, ಸಾವಿರಾರು ಅಡಿಯಿಂದ ನೀರೆತ್ತುವ ರೈತ ಬಿಲ್ಲು ಕಟ್ಟಿ ಉಳಿಯುತ್ತಾನೆಯೇ ಎಂದರು. ಗೃಹಲಕ್ಷ್ಮಿಯ 2000 ರೂಪಾಯಿಯ ಮಾತು ಬಂದಾಗ, ಅಷ್ಟು ಹೊತ್ತು ಸುಮ್ಮನಿದ್ದ ಚಿಕ್ಕಮ್ಮ, "ಆ ದುಡ್ಡಲ್ಲೇ ನಾನು ಸಂಘದ ಕಂತು ಕಟ್ತಾ ಇರೋದು" ಎಂದರು. ಕೊನೆಗೆ ಎಲ್ಲರೂ ಒಪ್ಪಿದ ಬಾಬ್ತು ಒಂದೇ, ಶಾಸಕರ ಸಂಬಳ. ಅದನ್ನು ಪೂರ್ತಿ ಕೈಬಿಟ್ಟರೂ ಬಜೆಟ್ಟಿನ ಕೊರತೆಯ ಒಂದು ಮೂಲೆಯೂ ತುಂಬುವುದಿಲ್ಲ.

ಇದನ್ನು ನಮ್ಮವರ ಸ್ವಾರ್ಥವೆಂದು ಬರೆಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕೊರತೆ ತಗ್ಗಬೇಕೇ ಎಂದು ಬೆಲೆ ಹೇಳದೆ ಕೇಳಿದರೆ ಯಾವ ದೇಶದವರೂ ಹೌದೆನ್ನುತ್ತಾರೆ, ನಿಮ್ಮ ಪಾಲಿನದನ್ನು ಬಿಡುತ್ತೀರಾ ಎಂದರೆ ಇಲ್ಲವೆನ್ನುತ್ತಾರೆ. ನಾನು ಹನ್ನೆರಡು ವರ್ಷದಿಂದ ಇರುವ ದೇಶದಲ್ಲಿ ಈ ಎರಡು ಪ್ರಶ್ನೆಗಳನ್ನು ಒಟ್ಟಿಗೆ ಕೇಳುವ ಏರ್ಪಾಡಿದೆ. ವ್ಯತ್ಯಾಸವಿರುವುದು ಅಲ್ಲಿ.

ಜ್ಯೂರಿಕ್ ಬಳಿಯ ನಮ್ಮ ಪುಟ್ಟ ಊರಿನಲ್ಲಿ ಪ್ರತಿ ಡಿಸೆಂಬರಿನಲ್ಲಿ ಊರಿನ ಸಭೆ ಸೇರುತ್ತದೆ. ಮುಂದಿನ ವರ್ಷದ ಬಜೆಟ್ಟನ್ನೂ ಊರಿನ ತೆರಿಗೆಯ ದರವನ್ನೂ ಅಲ್ಲಿ ಜನರೇ ಕೈಯೆತ್ತಿ ತೀರ್ಮಾನಿಸುತ್ತಾರೆ. ನನಗೆ ಮತದ ಹಕ್ಕಿಲ್ಲದ ಕಾರಣ ಪಕ್ಕದಲ್ಲಿ ಬೇರೆಯಾಗಿ ಹಾಕಿದ ಕುರ್ಚಿಯಲ್ಲಿ ಕುಳಿತು ನೋಡುತ್ತೇನೆ. ಒಂದು ವರ್ಷ ಒಬ್ಬರು ಎದ್ದು ತೆರಿಗೆ ಇಳಿಸಬೇಕೆಂದು ಸೂಚಿಸಿದರು. ಲೆಕ್ಕದ ಹೊಣೆ ಹೊತ್ತ ಸದಸ್ಯೆ ಯಾರನ್ನೂ ಹಳಿಯದೆ, ಇಳಿಸಿದರೆ ಇಷ್ಟು ಹಣ ಕಡಿಮೆಯಾಗುತ್ತದೆ, ಶಾಲೆಯ ಛಾವಣಿಯ ಕೆಲಸ ಎರಡು ವರ್ಷ ಮುಂದೆ ಹೋಗುತ್ತದೆ, ಇಲ್ಲವೇ ಇಷ್ಟು ಸಾಲ ತರಬೇಕಾಗುತ್ತದೆ ಎಂದಷ್ಟೇ ಹೇಳಿದರು. ಅರ್ಧ ಗಂಟೆಯ ಚರ್ಚೆಯ ನಂತರ ಸೂಚನೆ ಬಿದ್ದುಹೋಯಿತು. ಸೋತವರು ಗೆದ್ದವರ ಜೊತೆಯೇ ಕಾಫಿ ಕುಡಿದು ಮನೆಗೆ ಹೋದರು.

ಇಡೀ ದೇಶದ ಮಟ್ಟದಲ್ಲಿಯೂ ಕ್ರಮ ಹೀಗೆಯೇ ಇದೆ. ಆದಾಯಕ್ಕೆ ತಕ್ಕಂತೆ ವೆಚ್ಚಕ್ಕೆ ಮಿತಿ ಹಾಕುವ, ಆರ್ಥಿಕತೆ ಕುಗ್ಗಿದಾಗ ಸ್ವಲ್ಪ ಕೊರತೆಗೆ ಅವಕಾಶ ಕೊಟ್ಟು ಚೇತರಿಸಿದಾಗ ಅದನ್ನು ತುಂಬಿಕೊಳ್ಳುವ ನಿಯಮವನ್ನು 2001ರ ಡಿಸೆಂಬರ್ 2ರಂದು ಜನಮತಕ್ಕೆ ಇಟ್ಟಾಗ ಶೇ 84.7ರಷ್ಟು ಮಂದಿ ಒಪ್ಪಿದರು. 2005ರಲ್ಲಿ ಸುಮಾರು 130 ಶತಕೋಟಿ ಫ್ರಾಂಕಿದ್ದ ಕೇಂದ್ರದ ಸಾಲ 2019ರ ಹೊತ್ತಿಗೆ 100ಕ್ಕಿಂತ ಕೆಳಗಿಳಿಯಿತು. 2022ರಲ್ಲಿ ಪಿಂಚಣಿ ನಿಧಿ ಉಳಿಸಲು ಮಹಿಳೆಯರ ನಿವೃತ್ತಿ ವಯಸ್ಸನ್ನು 64ರಿಂದ 65ಕ್ಕೆ ಏರಿಸುವ ಪ್ರಸ್ತಾಪ ಶೇ 50.5ರಷ್ಟು ಮತದಿಂದ ಕೂದಲೆಳೆಯಲ್ಲಿ ಗೆದ್ದಿತು. ಅದರ ಜೊತೆಗೇ ಮೌಲ್ಯವರ್ಧಿತ ತೆರಿಗೆಯನ್ನು ಶೇ 7.7ರಿಂದ 8.1ಕ್ಕೆ ಏರಿಸಲೂ ಜನ ಒಪ್ಪಿದರು. ತಮ್ಮ ಮೇಲೆ ತಾವೇ ತೆರಿಗೆ ಹಾಕಿಕೊಂಡ ಜನರನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಮತದಾನಕ್ಕೆ ಮೊದಲು ಮನೆಮನೆಗೆ ಬರುವ ಕೆಂಪು ಹೊದಿಕೆಯ ಕಿರುಪುಸ್ತಿಕೆಯನ್ನು ಪಕ್ಕದ ಮನೆಯ ಹಿರಿಯರು ನನಗೆ ಓದಲು ಕೊಡುವುದುಂಟು. ಪರ ವಾದ, ವಿರೋಧ ವಾದ, ತಗಲುವ ಹಣ, ಎಲ್ಲವೂ ಅದರಲ್ಲಿ ಇರುತ್ತವೆ.

ಅಲ್ಲಿನವರೆಲ್ಲ ತ್ಯಾಗಿಗಳೆಂದು ಹೇಳಿದರೆ ಸುಳ್ಳಾಗುತ್ತದೆ. 2024ರ ಮಾರ್ಚಿನಲ್ಲಿ ವೃದ್ಧಾಪ್ಯ ಪಿಂಚಣಿಯನ್ನು ವರ್ಷಕ್ಕೆ ಹದಿಮೂರು ತಿಂಗಳು ಕೊಡಬೇಕೆಂಬ ಬೇಡಿಕೆಗೆ ಶೇ 58ರಷ್ಟು ಮಂದಿ ಹೌದೆಂದರು. ಅದೇ ದಿನ ನಿವೃತ್ತಿ ವಯಸ್ಸು ಏರಿಸುವ ಇನ್ನೊಂದು ಪ್ರಸ್ತಾಪವನ್ನು ಸುಮಾರು ಮುಕ್ಕಾಲು ಪಾಲು ಜನ ತಳ್ಳಿಹಾಕಿದರು. ಹದಿಮೂರನೆಯ ತಿಂಗಳಿನ ಹಣ ಎಲ್ಲಿಂದ ಬರಬೇಕು ಎಂಬುದು ಆ ಮತಪತ್ರದಲ್ಲಿ ಇರಲಿಲ್ಲ. ಬೆಲೆ ಕಾಣದಿದ್ದಲ್ಲಿ ಅವರೂ ನಮ್ಮ ಡೇರಿಯ ಮುಂದೆ ನಿಂತವರ ಹಾಗೆಯೇ ಉತ್ತರಿಸಿದರು.

ನಮ್ಮ ರಾಜ್ಯಕ್ಕೆ ಶಿಸ್ತು ಹೊಸದೇನಲ್ಲ. ಸರ್ಕಾರದ ಕೊರತೆಗೆ ಮಿತಿ ಹಾಕುವ ವಿತ್ತೀಯ ಹೊಣೆಗಾರಿಕೆ ಕಾಯ್ದೆಯನ್ನು 2002ರಲ್ಲಿ ದೇಶದಲ್ಲಿ ಮೊದಲು ತಂದ ರಾಜ್ಯ ಕರ್ನಾಟಕ. 2004-05ರಿಂದ ಕೋವಿಡ್ ಬರುವವರೆಗೂ ರಾಜಸ್ವ ಲೆಕ್ಕದಲ್ಲಿ, ಅಂದರೆ ವರ್ಷದ ಆದಾಯ ಮತ್ತು ದಿನನಿತ್ಯದ ಖರ್ಚಿನ ಲೆಕ್ಕದಲ್ಲಿ, ಹೆಚ್ಚುವರಿಯನ್ನೇ ತೋರಿಸಿಕೊಂಡು ಬಂದೆವು. ಆದರೆ 2025-26ರ ಬಜೆಟ್ಟಿನಲ್ಲಿ 19,262 ಕೋಟಿ ರೂಪಾಯಿ ರಾಜಸ್ವ ಕೊರತೆಯನ್ನು ಅಂದಾಜು ಮಾಡಲಾಗಿತ್ತು. ಸಾಲ ತಂದು ತುಂಬಬೇಕಾದ ಒಟ್ಟು ಅಂತರವಾದ ವಿತ್ತೀಯ ಕೊರತೆ ಅದರಲ್ಲಿ ರಾಜ್ಯದ ಒಟ್ಟು ಉತ್ಪನ್ನದ ಶೇ 2.95ರಷ್ಟು, ಅಂದರೆ ಕಾಯ್ದೆಯ ಶೇ 3ರ ಗೆರೆಯ ಒಳಗೆ ಇತ್ತು. ರಾಜ್ಯ ತೀರಿಸಬೇಕಾದ ಒಟ್ಟು ಸಾಲದ ಹೊಣೆ ಏಳೂವರೆ ಲಕ್ಷ ಕೋಟಿ ದಾಟುವ ಅಂದಾಜಿತ್ತು, ತಲೆಗೆ ಹಂಚಿದರೆ ಒಂದು ಲಕ್ಷ ರೂಪಾಯಿಗೂ ಹೆಚ್ಚು. ಐದು ಗ್ಯಾರಂಟಿಗಳಿಗೆ ಇಟ್ಟಿದ್ದು 51,034 ಕೋಟಿ. ಈ ಅಂಕಿಗಳು ಪತ್ರಿಕೆಯಲ್ಲಿ ಒಂದು ದಿನ ಬಂದು ಹೋಗುತ್ತವೆ, ನಮ್ಮೂರಿನವರ ಕೈಗೆ ಒಟ್ಟಾಗಿ ಸಿಗುವುದಿಲ್ಲ. 2024ರ ಜೂನಿನಲ್ಲಿ ಪೆಟ್ರೋಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ ಏರಿಸಿದಾಗ, ಈ ಹೆಚ್ಚಳ ಯಾವ ಖರ್ಚನ್ನು ತುಂಬುತ್ತದೆ ಎಂದು ಯಾರೂ ಮನೆಬಾಗಿಲಿಗೆ ಬಂದು ಹೇಳಲಿಲ್ಲ. ಕೊಟ್ಟದ್ದು ಒಂದು ಕಡೆಯಿಂದ ಬಂತು, ತೆಗೆದುಕೊಂಡದ್ದು ಇನ್ನೊಂದು ಕಡೆಯಿಂದ ಹೋಯಿತು, ಎರಡನ್ನೂ ಕೂಡಿಸಿ ನೋಡುವ ಅವಕಾಶ ಜನರಿಗೆ ಸಿಗಲೇ ಇಲ್ಲ.

ಸಾಲವೆಂದ ಮಾತ್ರಕ್ಕೆ ಹೆದರಬೇಕಾಗಿಲ್ಲ, ಇದು ಕೋಲಾರ ಜಿಲ್ಲೆಯವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರಲಾರದು. ಹಸು ತರಲು ಮಾಡಿದ ಸಾಲವನ್ನೂ ಮದುವೆಯ ಊಟಕ್ಕೆ ಮಾಡಿದ ಸಾಲವನ್ನೂ ನಮ್ಮಲ್ಲಿ ಯಾರೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಬೆಂಗಳೂರಿನ ಸಂಸ್ಕರಿಸಿದ ನೀರನ್ನು ನಮ್ಮ ಕೆರೆಗಳಿಗೆ ತಂದ ಕೆ.ಸಿ. ವ್ಯಾಲಿ ಯೋಜನೆಗೆ ಹಾಕಿದ ಹಣ ಮೊದಲನೆಯ ಬಗೆಯದು. ಪಶ್ಚಿಮ ಘಟ್ಟದ ನೀರನ್ನು ನಮ್ಮ ಕಡೆಗೆ ತರುವ ಎತ್ತಿನಹೊಳೆ ಯೋಜನೆಯ ಅಂದಾಜು 12,912 ಕೋಟಿಯಿಂದ 23,251 ಕೋಟಿಗೆ ಏರಿದೆ, ನೀರು ಮಾತ್ರ ನಮ್ಮ ಕಡೆಗೆ ಇನ್ನೂ ಬರಬೇಕು. ಅದನ್ನು ಯಾವ ಬಗೆಯಲ್ಲಿ ಸೇರಿಸಬೇಕು ಎಂದು ಕೇಳುವ ಹಕ್ಕು ಮೊದಲು ಇರುವುದು ಬತ್ತಿದ ಕೆರೆಯ ದಂಡೆಯಲ್ಲಿ ಕುಳಿತವರಿಗೆ.

ಸ್ವಿಟ್ಜರ್ಲೆಂಡಿನ ಜನಮತದ ಪದ್ಧತಿಯನ್ನು ಹಾಗೆಯೇ ತಂದು ನೆಡಬೇಕೆಂದು ನಾನು ಹೇಳುತ್ತಿಲ್ಲ. ಗ್ರಾಮಸಭೆ ನಮ್ಮಲ್ಲಿದೆ, ಪಂಚಾಯಿತಿಯ ಲೆಕ್ಕ ಓದಿಸುವ ಜಮಾಬಂದಿಯೂ ಇದೆ. ರಾಜ್ಯದ ಬಜೆಟ್ಟಿನ ಎರಡು ಪುಟದ ಸಾರವನ್ನು, ಎಲ್ಲಿಂದ ಎಷ್ಟು ಬಂತು, ಯಾವ ಬಾಬ್ತಿಗೆ ಎಷ್ಟು ಹೋಯಿತು, ಬಡ್ಡಿ ಎಷ್ಟು, ಕೊರತೆ ತಗ್ಗಿಸಬೇಕಾದರೆ ಇರುವ ದಾರಿಗಳು ಯಾವುವು, ಪ್ರತಿ ದಾರಿಯಲ್ಲಿ ಯಾರ ಕೈಯಿಂದ ಎಷ್ಟು ಹೋಗುತ್ತದೆ ಎಂಬ ವಿವರದೊಂದಿಗೆ ಅಲ್ಲಿ ಹಂಚಿ ಅಭಿಪ್ರಾಯ ಬರೆದುಕೊಳ್ಳಲು ಹೊಸ ಕಾನೂನು ಬೇಕಾಗಿಲ್ಲ. ಜನಕ್ಕೆ ಅರ್ಥವಾಗುವುದಿಲ್ಲ ಎನ್ನುವವರು ಒಮ್ಮೆ ನಮ್ಮ ಡೇರಿಯ ವಾರ್ಷಿಕ ಸಭೆಗೆ ಬರಬೇಕು. ಲಾಭವನ್ನು ಬೋನಸ್ಸಾಗಿ ಹಂಚಬೇಕೇ, ಹಾಲು ತಂಪಾಗಿಡುವ ಹೊಸ ಟ್ಯಾಂಕಿಗೆ ಎತ್ತಿಡಬೇಕೇ ಎಂದು ಹಿಂದೊಮ್ಮೆ ಅಲ್ಲಿ ಮೂರು ಗಂಟೆ ವಾದ ನಡೆದಿತ್ತು. ಬೇಸಿಗೆಯಲ್ಲಿ ಎಷ್ಟು ಹಾಲು ಒಡೆಯಿತು, ಅದರಿಂದ ತಲೆಗೆ ಎಷ್ಟು ನಷ್ಟವಾಯಿತು ಎಂದು ಕಾರ್ಯದರ್ಶಿ ಓದಿದ ಮೇಲೆ, ಆ ವರ್ಷದ ಬೋನಸ್ಸನ್ನು ಅರ್ಧಕ್ಕೆ ಇಳಿಸಲು ಮೊದಲು ಕೈಯೆತ್ತಿದವರು ಎರಡೇ ಹಸುವಿನ ಆದಾಯದಲ್ಲಿ ಮನೆ ನಡೆಸುತ್ತಿರುವ ನಮ್ಮ ಚಿಕ್ಕಮ್ಮ.