ರಸ್ತೆ ಪರಂಬೋಕು

ನನ್ನ ಜೀಪಿನಲ್ಲಿ ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗುತ್ತದೆ. ಉಡುಪಿ ಪೇಟೆಯಲ್ಲಿ ಇದನ್ನು ಯಾರಿಗೂ ತೋರಿಸಲು ಸಾಧ್ಯವಿಲ್ಲ. ಕಲ್ಸಂಕದ ವಾಹನಗಳ ಸಾಲಿನಲ್ಲಿ ಸಿಕ್ಕಿಬಿದ್ದವನಿಗೆ ಎರಡು ಚಕ್ರವೂ ಒಂದೇ, ನಾಲ್ಕು ಚಕ್ರವೂ ಒಂದೇ. ಹಳೆಯ ಜೀಪು ಮನೆಗೆ ಬಂದು ಮೂರು ತಿಂಗಳಾದ ಮೇಲೆ ಹೆಂಡತಿ ಕೇಳಿದಳು: "ಗೇರಿನ ಪಕ್ಕದ ಈ ಇನ್ನೊಂದು ಕೋಲು ಎಂತಕ್ಕೆ?"

ಕೆಸರಿಗೆ ಎಂದೆ.

"ಹಾಗಾದರೆ ಕೆಸರಿಗೆ ಹೋಗಿ."

ಹೋಗಬಹುದಿತ್ತು. ಆದರೆ ನಾನು ಬ್ಯಾಂಕಿನಲ್ಲಿ ಅಡವಿಟ್ಟ ಜಾಗಗಳ ಕಾಗದ ನೋಡಿಯೇ ತಲೆ ನರೆಸಿಕೊಂಡವನು. ಮಣ್ಣಿನ ದಾರಿ ಕಂಡರೆ ಉಳಿದವರಿಗೆ ಸಾಹಸ ಕಾಣುತ್ತದೆ, ನನಗೆ ಸರ್ವೆ ನಂಬರು ಕಾಣುತ್ತದೆ. ಕಾಡಿನ ವಿಚಾರ ಸುಲಭದಲ್ಲೇ ಮುಗಿಯಿತು. ಹೆಬ್ರಿಯ ಆಚೆ ಸೋಮೇಶ್ವರ ಅಭಯಾರಣ್ಯ, ಅದರಾಚೆ ಕುದುರೆಮುಖ ರಾಷ್ಟ್ರೀಯ ಉದ್ಯಾನ. ಎರಡಕ್ಕೂ 1972ರ ವನ್ಯಜೀವಿ ಕಾಯ್ದೆಯ ಕಾವಲು. ರಕ್ಷಿತಾರಣ್ಯಕ್ಕೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಬೇರೆ. ಅನುಮತಿಯಿಲ್ಲದೆ ಅಲ್ಲಿ ಡಾಮರು ಬಿಟ್ಟು ಇಳಿಯುವ ಧೈರ್ಯ ನನ್ನ ಜೀಪಿಗಿದ್ದರೂ ನನಗಿಲ್ಲ.

ಉಳಿದದ್ದು ಸೋದರಮಾವನ ಊರು. ಅವರ ಅಂಗಳದಿಂದ ಹೊರಟು ಗುಡ್ಡೆ ಸುತ್ತಿ, ಅಡಿಕೆ ತೋಟಗಳ ಪಕ್ಕದಲ್ಲೇ ಸಾಗಿ ತೋಡಿಗೆ ಇಳಿಯುವ ಮಣ್ಣಿನ ದಾರಿಯೊಂದಿದೆ. ಅದು ಯಾರದು? ಗೇರುಮರದ ಕೆಳಗೆ ನಿಂತು ಮೊಬೈಲಿನಲ್ಲಿ ದಿಶಾಂಕ್ ತೆರೆದೆ; ನಿಂತ ಜಾಗದ ಸರ್ವೆ ನಂಬರು ತೋರಿಸುವ ಸರ್ಕಾರಿ ಆ್ಯಪ್ ಅದು. ನೀಲಿ ಚುಕ್ಕಿ ಮೊದಲು ಮಾವನ ಜಾಗದಲ್ಲಿತ್ತು. ನಾನು ಕದಲದಿದ್ದರೂ ಅದು ಬೇಲಿ ಹಾರಿ ನೆರೆಯವರ ತೋಟಕ್ಕೆ ಹೋಯಿತು, ಅಲ್ಲಿಂದ ತೋಡಿಗೆ ಇಳಿಯಿತು. ನಿಂತಲ್ಲೇ ನಿಂತು ಅರ್ಧ ನಿಮಿಷದಲ್ಲಿ ಮೂರು ಸರ್ವೆ ನಂಬರುಗಳಲ್ಲಿ ಅತಿಕ್ರಮ ಪ್ರವೇಶ ಮಾಡಿದ್ದೆ.

ಗ್ರಾಮನಕ್ಷೆಯ ಪ್ರತಿ ತರಿಸಿದೆ. ಅದರಲ್ಲಿ ಮಾವನ ಮನೆಯ ಬಳಿಯಿಂದ ತೋಡಿನವರೆಗೆ ಅಚ್ಚುಕಟ್ಟಾದ ಜೋಡಿಗೆರೆ ಇತ್ತು; ರಸ್ತೆ ಪರಂಬೋಕು, ಅಂದರೆ ಸರ್ಕಾರದ್ದು. ಸಂತೋಷದಿಂದ ಅದನ್ನು ಉಗ್ರಾಣಿಯವರಿಗೆ ತೋರಿಸಿದೆ. (ಸರ್ಕಾರಕ್ಕೆ ಅವರು ಗ್ರಾಮ ಸಹಾಯಕ, ನಮ್ಮ ಕಡೆ ಉಗ್ರಾಣಿ ಉಗ್ರಾಣಿಯೇ.) ಅವರು ನಕ್ಷೆಯನ್ನು ಒಮ್ಮೆ, ಜೀಪನ್ನು ಎರಡು ಸಲ ನೋಡಿ ಹೇಳಿದರು: "ಈ ದಾರಿ ಉಂಟು. ಹೋಗಲಿಕ್ಕೆ ಆಗುವುದಿಲ್ಲ. ನೀವು ಹೇಳುವ ದಾರಿಯಲ್ಲಿ ಹೋಗಲಿಕ್ಕೆ ಆಗುತ್ತದೆ. ಅದು ದಾರಿಯಲ್ಲ."

ವೇದಾಂತವಲ್ಲ, ನಿಜ. ನಕ್ಷೆಯ ರಸ್ತೆಯ ಮೇಲೆ ಎಂದೋ ಅಡಿಕೆ ಸಸಿ ಎದ್ದು, ಮರವಾಗಿ, ಫಸಲು ಕೊಡುತ್ತಿದೆ. ಜನ ಓಡಾಡುವ ದಾರಿಯನ್ನು ಊರವರೇ ಹೊಂದಾಣಿಕೆಯಿಂದ ಜೆಸಿಬಿ ತರಿಸಿ ಕಡಿದದ್ದು. ಅದರ ಮೊದಲರ್ಧ ಎರಡು ಮನೆಯವರ ವರ್ಗ ಜಾಗ, ಅಂದರೆ ಸ್ವಂತ ಪಟ್ಟಾ ಜಾಗ; ಉಳಿದದ್ದು ಇನ್ನೊಂದು ಮನೆಯವರ ಕುಮ್ಕಿ, ಅಂದರೆ ಅವರ ವರ್ಗಕ್ಕೆ ತಾಗಿದ ಸರ್ಕಾರಿ ನೆಲ.

ಮಾವ ಎದೆ ತಟ್ಟಿಕೊಂಡರು. "ಇಪ್ಪತ್ತು ವರ್ಷ ತಡೆಯಿಲ್ಲದೆ ನಡೆದರೆ ಹಕ್ಕು ಬರುತ್ತದೆ. ನಾನು ನಲವತ್ತು ವರ್ಷ ನಡೆದಿದ್ದೇನೆ." ನಾನು ರಾತ್ರಿಯಿಡೀ 1882ರ ಈಸ್‌ಮೆಂಟ್ ಕಾಯ್ದೆ ಓದಿದೆ. ಅದರ 28ನೇ ಕಲಮಿನ ಪ್ರಕಾರ ಒಂದು ಬಗೆಯ ದಾರಿ ಹಕ್ಕಿನಲ್ಲಿ ಇನ್ನೊಂದು ಬಗೆಯದು ಸೇರುವುದಿಲ್ಲ. ನಡೆದವನಿಗೆ ನಡೆಯುವ ಹಕ್ಕು, ಅಷ್ಟೇ. ಬೆಳಿಗ್ಗೆ ಇದನ್ನು ವಿವರಿಸಿದಾಗ ಮಾವ ನೀರುದೋಸೆಯಿಂದ ತಲೆಯೆತ್ತದೆ ಹೇಳಿದರು: "ಹಾಗಾದರೆ ಜೀಪನ್ನು ಹೊತ್ತುಕೊಂಡು ನಡೆ."

ಕೊನೆಗೆ ಒಪ್ಪಿಗೆ ಕೇಳಲು ಮನೆಮನೆಗೆ ಹೊರಟೆ. ಮೊದಲ ಮನೆಯವರು ನನ್ನ ಕೈಯ ನಕ್ಷೆ ನೋಡಿ, ನಾನು ಬ್ಯಾಂಕಿನವನೆಂದು ಕೇಳಿ, ಒಳಗೆ ಹೋಗಿ ಸಾಲದ ಕಂತು ಕಟ್ಟಿದ ರಸೀದಿಗಳ ಕಟ್ಟನ್ನೇ ತಂದು ಎದುರಿಗಿಟ್ಟರು. ಎರಡನೆಯ ಮನೆಯ ಯಜಮಾನರಿಗೆ ಚತುಷ್ಪಥ ರಸ್ತೆ ಬರುತ್ತಿದೆ ಎಂಬ ಗುಮಾನಿ. ಎಳನೀರು ಕೆತ್ತಿಕೊಟ್ಟು ಮೆಲ್ಲನೆ ಕೇಳಿದರು: "ಸೆಂಟ್ಸಿಗೆ ಎಷ್ಟು ಕೊಡುತ್ತಾರೆ?" ಬರಿಯ ಜೀಪು ಓಡಿಸಲಿಕ್ಕೆ ಎಂದಾಗ ಅವರ ಮುಖ ಬಾಡಿದ್ದು ನೋಡಿ, ಎಳನೀರನ್ನು ಅರ್ಧಕ್ಕೇ ಬಿಡಬೇಕೋ ಏನೋ ಎಂದು ಸಂಕೋಚವಾಯಿತು. ಮೂರನೆಯದು ಕುಮ್ಕಿಯವರ ಮನೆ. ವರ್ಗ ಜಾಗದ ಗಡಿಯಿಂದ ನೂರು ಗಜದೊಳಗಿನ ಸರ್ಕಾರಿ ನೆಲದಲ್ಲಿ ಸೊಪ್ಪು, ಸೌದೆ, ಹುಲ್ಲಿನ ಸವಲತ್ತು ಅವರದು. ಹಟ್ಟಿಯಿಂದ ಹೊರಬಂದ ಹಿರಿಯಮ್ಮ ಕತ್ತಿ ಕೆಳಗಿಡದೆಯೇ ತೀರ್ಪು ಕೊಟ್ಟರು: "ನೆಲ ಸರ್ಕಾರದ್ದು, ಸೊಪ್ಪು ನಮ್ಮದು. ಹೋಗಿ. ಸೊಪ್ಪಿನ ಮೇಲೆ ಹತ್ತಿಸಬೇಡಿ." ಭೂಕಂದಾಯ ಕಾಯ್ದೆಯನ್ನು ಇಷ್ಟು ಚೆನ್ನಾಗಿ ಹೇಳಿದ ವಕೀಲರನ್ನು ನಾನು ಕಂಡಿಲ್ಲ.

ಆಟಿಯ ಮಳೆ ಹೊಳವಾದ ಒಂದು ಮಧ್ಯಾಹ್ನ, ಮೂರು ಒಪ್ಪಿಗೆಗಳನ್ನು ಹೊತ್ತು, ಆ ಇನ್ನೊಂದು ಕೋಲನ್ನು ಎಳೆದು ಹೊರಟೆ. ಜೀಪು ಗುರುಗುಟ್ಟಿತು. ನಾಲ್ಕೂ ಚಕ್ರ ಕೆಸರು ಕಚ್ಚಿದವು. ಮೊದಲ ತಿರುವಿನಲ್ಲೇ ಎದುರಿನಿಂದ ಆಟೋರಿಕ್ಷಾ ಬಂತು. ಹಿಂದೆ ಎರಡು ಗ್ಯಾಸ್ ಸಿಲಿಂಡರು, ಒಂದು ಹಿಂಡಿ ಚೀಲ, ಮಡಿಲಲ್ಲಿ ಕೋಳಿ ಹಿಡಿದ ಅಜ್ಜಿ.

"ಸ್ವಲ್ಪ ಸೈಡ್ ಕೊಡಿ ಅಣ್ಣ," ಎಂದ ಚಾಲಕ.

"ನಿಮಗೆ ಇಲ್ಲಿ ಓಡಿಸಲು ಒಪ್ಪಿಗೆ ಇದೆಯೇ?"

"ಯಾರ ಒಪ್ಪಿಗೆ? ಬಾಡಿಗೆ ಬರುವುದೇ ಅವರ ಮನೆಗೆ ಅಲ್ಲವಾ?"

ಹಿಂದಕ್ಕೆ ತೆಗೆದೆ. ಹಿಂದಿದ್ದ ಸೊಪ್ಪಿನ ಕಟ್ಟನ್ನು ತಪ್ಪಿಸಲು ಸ್ಟಿಯರಿಂಗ್ ತುಸು ಹೆಚ್ಚೇ ತಿರುಗಿಸಿದೆ. ಜೀಪು ಜಾರಿ, ಅಡಿಕೆ ತೋಟದ ಕಣಿಯೊಳಗೆ ಹಿಂಬದಿ ಊರಿ ಕುಳಿತು, ಬಾನೆಟ್ಟನ್ನು ಆಕಾಶಕ್ಕೆ ಎತ್ತಿತು. ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗುತ್ತಲೇ ಇತ್ತು. ಅದರಲ್ಲಿ ಎರಡು ಗಾಳಿಯಲ್ಲಿದ್ದವು.

ಚಾಲಕ ಇಳಿದು, ಸೀಟಿನ ಅಡಿಯಿಂದ ಹಗ್ಗ ತೆಗೆದ. ಅವನು ಗಂಟು ಹಾಕುವಷ್ಟರಲ್ಲಿ, ಚಟ ಬಿಡದೆ, ಮೊಬೈಲ್ ತೆರೆದೆ. ನೀಲಿ ಚುಕ್ಕಿ ಈ ಸಲ ಅಲುಗಾಡಲಿಲ್ಲ. ಎರಡು ಗೆರೆಗಳ ನಟ್ಟನಡುವೆ ನಿಂತಿತ್ತು.

"ನೋಡಿ ಮಾರಾಯರೇ," ಎಂದು ಅವನಿಗೆ ತೋರಿಸಿದೆ, "ಇದೇ ರಸ್ತೆ!"

ಅವನು ಮೊಬೈಲನ್ನು ನೋಡಿದ, ಕಣಿಯನ್ನು ನೋಡಿದ, ಹಗ್ಗವನ್ನು ಕೈಯಲ್ಲೇ ಹಿಡಿದು ಕೇಳಿದ: "ಹಾಗಾದರೆ ಎಳೆಯುವುದಾ, ಇಲ್ಲಿಯೇ ಬಿಡುವುದಾ?"